ಕೀವುಗಟ್ಟದ ಗಾಯ

ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿ ಒಂದೆರಡು ವಾರದಲ್ಲಿ ಒಣಗಿ ತಾನಾಗಿಯೇ ಉದುರಬೇಕು. ಬಾಣಂತನ ಮಾಡುವ ಹಿರಿಯರಿಗೆ ಈ ಲೆಕ್ಕ ಬಾಯಿಪಾಠ. ಬಹಳ ಅಪರೂಪಕ್ಕೆ ಒಂದು ಮಗುವಿಗೆ ತಿಂಗಳು ಕಳೆದರೂ ಅದು ಉದುರುವುದಿಲ್ಲ. ಹೊಕ್ಕುಳ ಸುತ್ತ ಕೆಂಪಾಗಿ ಸೋಂಕು ಹಿಡಿಯುತ್ತದೆ. ಆಮೇಲೆ ಒಸಡಿನಲ್ಲಿ ಹುಣ್ಣು, ಮೈಮೇಲೆ ಮಾಯದ ಗಾಯ. ಆ ಗಾಯಗಳಲ್ಲಿ ಒಂದು ತೊಟ್ಟು ಕೀವೂ ಇರುವುದಿಲ್ಲ. ಕೀವಿಲ್ಲದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಮನೆಯವರಿಗೆ ಅನ್ನಿಸೀತು. ವೈದ್ಯರಿಗೆ ದಿಗಿಲಾಗುವುದು ಅಲ್ಲೇ. ರಕ್ತಪರೀಕ್ಷೆಯ ವರದಿ ಇನ್ನೂ ವಿಚಿತ್ರ. ಬಿಳಿ ರಕ್ತಕಣಗಳು ಕಡಿಮೆಯಾಗಿರಬಹುದು ಎಂದುಕೊಂಡು ನೋಡಿದರೆ, ಅವು ಇರಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತವೆ.

ಸೋಂಕಿನೊಡನೆ ಸೆಣಸುವ ಕಣಗಳು ಈ ಮಗುವಿನ ರಕ್ತದಲ್ಲಿ ಬೇಕಾದಷ್ಟಿವೆ. ಅವಕ್ಕೆ ರಕ್ತನಾಳದಿಂದ ಆಚೆ ಬರಲು ಆಗುತ್ತಿಲ್ಲ, ಅಷ್ಟೆ. ನಾಳದ ಗೋಡೆಯನ್ನು ಹಿಡಿದುಕೊಳ್ಳಲು ಬೇಕಾದ ಇಂಟೆಗ್ರಿನ್ ಎಂಬ ಪ್ರೊಟೀನಿನ ಒಂದು ಭಾಗವನ್ನು ತಯಾರಿಸುವ ಜೀನ್ ಕೆಟ್ಟಿದೆ. ಗಾಯದ ಪಕ್ಕದಲ್ಲೇ ಕಣಗಳು ಹರಿದು ಹೋಗುತ್ತವೆ, ನಿಲ್ಲಲಾರವು. ಹೊಕ್ಕುಳಬಳ್ಳಿ ಕಳಚಿಕೊಳ್ಳುವುದಕ್ಕೂ ಇವೇ ಕಣಗಳು ಬಂದು ಕೆಲಸ ಮಾಡಬೇಕು. ಬಾರದ್ದರಿಂದ ಅದು ಅಲ್ಲೇ ಉಳಿದಿದೆ. ಕಾಯಿಲೆ ತೀವ್ರವಾಗಿದ್ದರೆ, ಅಸ್ಥಿಮಜ್ಜೆಯ ಕಸಿ ಮಾಡದ ಹೊರತು ಮಗು ಉಳಿಯುವುದು ಕಷ್ಟ.

ಶಾಲೆಯಲ್ಲಿ ಬಿಳಿ ರಕ್ತಕಣಗಳೆಂದರೆ ದೇಹದ ಸೈನಿಕರು ಎಂದು ಕಲಿಸುತ್ತೇವೆ. ಆ ಮಾತು ನನಗೆ ಅಷ್ಟಾಗಿ ಹಿಡಿಸದು. ಸೈನ್ಯ ಎಂದೊಡನೆ ಮನಸ್ಸು ಎಷ್ಟು ಜನ, ಎಂಥ ಆಯುಧ ಎಂದು ಕೇಳುತ್ತದೆ. ಸೇನಾಪತಿ ಎಲ್ಲಿ ಎಂದು ಹುಡುಕುತ್ತದೆ. ಇಲ್ಲಿ ಸೇನಾಪತಿಯೇ ಇಲ್ಲ. ಮಿದುಳು ಕೂತು ಆಜ್ಞೆ ಕೊಡುವುದಿಲ್ಲ. ಕೋಟ್ಯಂತರ ಕಣಗಳು ತಮಗೆ ಎದುರಾದ ಕಣಗಳೊಡನೆ ವ್ಯವಹರಿಸುತ್ತಾ, ಯಾವಾಗ ಎಲ್ಲಿಗೆ ಹೋಗಬೇಕು, ಯಾರನ್ನು ಕೊಲ್ಲಬೇಕು, ಯಾರ ಗೊಡವೆಗೆ ಹೋಗಬಾರದು ಎಂದು ತೀರ್ಮಾನಿಸುತ್ತವೆ. ಒಂದು ಸುಳಿವು ಸಿಕ್ಕರೆ ಸಾಲದು, ಬೇರೆ ಕಡೆಯಿಂದ ಇನ್ನೊಂದು ಒಪ್ಪಿಗೆಯೂ ಬರಬೇಕು ಎಂಬ ನಿಯಮ ಹೆಜ್ಜೆಹೆಜ್ಜೆಗೂ ಇದೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಆ ಒಪ್ಪಿಗೆಗಳ ಕಥೆ.

ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆಯುವಾಗ ಜಾಲಿಮುಳ್ಳು ಅಂಗಾಲಿಗೆ ನೆಟ್ಟು ಒಳಗೇ ಮುರಿಯಿತು ಎನ್ನೋಣ. ಅಂಗಾಲಿನ ಚರ್ಮ ದಪ್ಪ, ಒಣ, ತುಸು ಆಮ್ಲೀಯ. ಮೇಲ್ಪದರದ ಸತ್ತ ಕೋಶಗಳು ದಿನವೂ ಉದುರುತ್ತಾ ತಮಗಂಟಿದ ಸೂಕ್ಷ್ಮಜೀವಿಗಳನ್ನೂ ಹೊತ್ತುಕೊಂಡು ಹೋಗುತ್ತವೆ. ಮುಳ್ಳು ಇದೆಲ್ಲವನ್ನೂ ಒಂದೇ ಏಟಿಗೆ ದಾಟಿಬಿಡುತ್ತದೆ. ಜೊತೆಗೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಹೋದವು. ಇದರಲ್ಲಿ ಕೀವುಗುಳ್ಳೆ ಎಬ್ಬಿಸುವ ಜಾತಿ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಯಾವ ತಂಟೆಯನ್ನೂ ಮಾಡದೆ ವಾಸವಾಗಿರುತ್ತದೆ. ಬೆಚ್ಚಗಿನ, ತೇವದ ಮಾಂಸದೊಳಗೆ ಅದರ ವರಸೆಯೇ ಬೇರೆ. ಅರ್ಧ ಗಂಟೆಗೊಮ್ಮೆ ಎರಡಾಗುತ್ತಾ ಹೋದರೆ ಒಂದು ಬ್ಯಾಕ್ಟೀರಿಯಾ ಎಂಟು ಗಂಟೆಯಲ್ಲಿ 65,536 ಆಗುತ್ತದೆ. ಆದ್ದರಿಂದ ಮೊದಲ ಕೆಲವು ಗಂಟೆಗಳು ನಿರ್ಣಾಯಕ.

ಆ ಜಾಗದಲ್ಲಿ ಮೊದಲೇ ಬೀಡುಬಿಟ್ಟಿರುವ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಎದುರಾದ ಬ್ಯಾಕ್ಟೀರಿಯಾಗಳನ್ನು ನುಂಗತೊಡಗುತ್ತವೆ. ಇಂಥ ನುಂಗಾಟ ರಕ್ಷಣೆಯ ಒಂದು ಬಗೆ ಎಂದು ಮೊದಲು ಹೊಳೆದದ್ದೂ ಒಂದು ಮುಳ್ಳಿನಿಂದಲೇ. 1882ರ ಡಿಸೆಂಬರಿನಲ್ಲಿ ಸಿಸಿಲಿಯ ಮೆಸ್ಸಿನಾ ಊರಿನಲ್ಲಿ ರಷ್ಯದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕೋಫ್, ಮನೆಮಂದಿಯೆಲ್ಲ ಸರ್ಕಸ್ಸಿನ ಮಂಗಗಳನ್ನು ನೋಡಲು ಹೋಗಿದ್ದಾಗ, ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ನಕ್ಷತ್ರಮೀನಿನ ಮರಿಯ ಮೈ ಗಾಜಿನಷ್ಟು ಪಾರದರ್ಶಕ. ತೋಟದಿಂದ ಗುಲಾಬಿಮುಳ್ಳು ಕಿತ್ತು ತಂದು ಅದಕ್ಕೆ ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಅಲೆಮಾರಿ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಆ ಮರಿಗೆ ರಕ್ತನಾಳವಿಲ್ಲ. ಆದ್ದರಿಂದ ಕಣಗಳು ತಾವೇ ಹರಿದಾಡಿ ಬಂದಿರಬೇಕು.

ಮುಳ್ಳಿಗೆ ಬಂದ ಕಣಕ್ಕೆ ಶತ್ರು ಯಾರೆಂದು ಗೊತ್ತಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು, ಅದೂ ಹಣ್ಣುನೊಣಗಳಿಂದ. 1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ, ಟೋಲ್ ಎಂಬ ಜೀನ್ ಕೆಟ್ಟ ನೊಣಗಳು ಬೂಷ್ಟು ಹಿಡಿದು ಸಾಯುವುದನ್ನು ತೋರಿಸಿತು. ಆ ಜೀನ್ ತಯಾರಿಸುವ ಗ್ರಾಹಕದ ಜಾತಿಗೇ ಸೇರಿದ ಹತ್ತು ಬಗೆಯ ಗ್ರಾಹಕಗಳು ಮನುಷ್ಯರಲ್ಲಿವೆ. ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು, ವೈರಸ್ಸಿನ ಆರ್‌ಎನ್‌ಎ, ಈಜುವ ಬಾಲದ ಪ್ರೊಟೀನ್, ಹೀಗೆ ಸೂಕ್ಷ್ಮಜೀವಿಗಳು ಬಿಟ್ಟು ಬದುಕಲಾರದ ಕೆಲವೇ ವಸ್ತುಗಳನ್ನು ಅವು ಗುರುತಿಸುತ್ತವೆ. ಬಂದಿರುವುದು ಸ್ಟ್ಯಾಫಿಲೊಕಾಕಸ್ಸೋ ಇನ್ನೊಂದೋ ಎಂದು ಮ್ಯಾಕ್ರೋಫೇಜ್‌ಗೆ ತಿಳಿಯದು. ಸೂಕ್ಷ್ಮಜೀವಿಯೇನೋ ಬಂದಿದೆ ಎಂದಷ್ಟೇ ತಿಳಿದು ಅದು ಸೈಟೊಕೈನ್ ಎಂಬ ಸಂದೇಶದ ಪ್ರೊಟೀನುಗಳನ್ನು ಸುರಿಸುತ್ತದೆ.

ಇನ್ನು ರಕ್ತನಾಳದ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಸಂದೇಶ ತಲುಪಿದ ಕೂಡಲೇ ಗಾಯದ ಸುತ್ತಲ ಸಣ್ಣ ನಾಳಗಳು ಹಿಗ್ಗುತ್ತವೆ. ಗೋಡೆಯ ಕೋಶಗಳು ಒಳಮೈ ಮೇಲೆ ಸೆಲೆಕ್ಟಿನ್ ಎಂಬ ಅಣುಗಳನ್ನು ಹೊರಚಾಚುತ್ತವೆ. ಲ್ಯಾಬ್ ವರದಿಯಲ್ಲಿ ನೂರಕ್ಕೆ ಐವತ್ತರಿಂದ ಎಪ್ಪತ್ತು ಪಾಲು ಕಾಣಿಸುವ ನ್ಯೂಟ್ರೋಫಿಲ್ ಎಂಬ ಬಿಳಿಕಣ ರಕ್ತದ ರಭಸದಲ್ಲಿ ಹೋಗುತ್ತಿದ್ದದ್ದು ಸೆಲೆಕ್ಟಿನ್‌ಗೆ ತಾಗಿ, ಬಿಡಿಸಿಕೊಂಡು, ಮತ್ತೆ ತಾಗಿ, ಗೋಡೆಗುಂಟ ನಿಧಾನವಾಗಿ ಉರುಳತೊಡಗುತ್ತದೆ. ಇಷ್ಟಕ್ಕೇ ಅದು ನಿಲ್ಲುವುದಿಲ್ಲ. ಗಾಯದಿಂದ ಬಂದ ರಾಸಾಯನಿಕ ಸಂದೇಶ ಗೋಡೆಯ ಮೇಲಿದ್ದರೆ ಮಾತ್ರ ಅದರ ಮೈಮೇಲೆ ಮಡಚಿಕೊಂಡಿದ್ದ ಇಂಟೆಗ್ರಿನ್‌ಗಳು ನೆಟ್ಟಗಾಗಿ ಗೋಡೆಯನ್ನು ಬಿಗಿಯಾಗಿ ಹಿಡಿಯುತ್ತವೆ. ಸಂದೇಶವಿಲ್ಲದಿದ್ದರೆ ಕಣ ಕಳಚಿಕೊಂಡು ರಕ್ತದೊಡನೆ ಮುಂದೆ ಹೋಗುತ್ತದೆ. ಹಿಡಿದು ನಿಂತ ಮೇಲೆ ಮೈ ತೆಳ್ಳಗೆ ಮಾಡಿಕೊಂಡು ಎರಡು ಕೋಶಗಳ ನಡುವಿನ ಸಂದಿಯಲ್ಲಿ ನುಸುಳಿ ಹೊರಬರುತ್ತದೆ. ಉರುಳು, ಪರೀಕ್ಷಿಸು, ಹಿಡಿ, ನುಸುಳು. ಕೀವುಗಟ್ಟದ ಮಕ್ಕಳಲ್ಲಿ ಕೆಟ್ಟಿರುವುದು ಮೂರನೆಯದು.

ಇಷ್ಟೊಂದು ತಪಾಸಣೆ ಏಕೆಂದರೆ ನ್ಯೂಟ್ರೋಫಿಲ್ ಅಪಾಯದ ಸರಕು. ಬ್ಯಾಕ್ಟೀರಿಯಾವನ್ನು ನುಂಗಿ, ಅದನ್ನಿಟ್ಟ ಚೀಲಕ್ಕೆ ಹೈಪೊಕ್ಲೋರಸ್ ಆಮ್ಲ ಸುರಿಯುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ನೀರಿನಲ್ಲಿ ಕೆಲಸ ಮಾಡುವುದೂ ಇದೇ. ಪ್ರೊಟೀನ್ ಕರಗಿಸುವ ಕಿಣ್ವಗಳೂ ಅದರ ಬಳಿ ಇವೆ. ಅವು ಚೆಲ್ಲಿದರೆ ನಮ್ಮ ಮಾಂಸವೂ ಕರಗುತ್ತದೆ. ಅಸ್ಥಿಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ, ಅವು ರಕ್ತದಲ್ಲಿ ಬದುಕುವುದು ಹೆಚ್ಚೆಂದರೆ ಒಂದೆರಡು ದಿನ. ಇಷ್ಟು ದುಬಾರಿ ತಯಾರಿಕೆಗೆ ಇಷ್ಟು ಕಡಿಮೆ ಆಯುಸ್ಸು ಇರುವುದಕ್ಕೂ ಆ ಅಪಾಯವೇ ಕಾರಣವಿರಬೇಕೆಂದು ನನ್ನ ಗುಮಾನಿ. ಸತ್ತ ನ್ಯೂಟ್ರೋಫಿಲ್‌ಗಳು, ಸತ್ತ ಬ್ಯಾಕ್ಟೀರಿಯಾ ಮತ್ತು ಕರಗಿದ ಅಂಗಾಂಶ ಸೇರಿದರೆ ಕೀವು. ಅದರ ನಸುಹಸಿರು ಬಣ್ಣ ಆಮ್ಲ ತಯಾರಿಸುವ ಕಿಣ್ವದ್ದು.

ಹೊರಗಿನಿಂದ ನಮಗೆ ಕಾಣುವುದು ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲೇ ಪಟ್ಟಿ ಮಾಡಿದ ನಾಲ್ಕು ಲಕ್ಷಣಗಳು: ಕೆಂಪು, ಬಿಸಿ, ಬಾವು, ನೋವು. ಸೈಟೊಕೈನ್‌ಗಳು ಮಿದುಳಿಗೆ ತಲುಪಿದರೆ ಜ್ವರ. ಯಕೃತ್ತಿಗೆ ತಲುಪಿದರೆ ಅದು ಸಿಆರ್‌ಪಿ ಎಂಬ ಪ್ರೊಟೀನನ್ನು ರಕ್ತಕ್ಕೆ ಬಿಡುತ್ತದೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಆ ಪರೀಕ್ಷೆ ಅಳೆಯುವುದು ಇದನ್ನೇ. ಬಹುಪಾಲು ಮುಳ್ಳುಗಳ ಕಥೆ ಈ ಹಂತದಲ್ಲೇ ಮುಗಿಯುತ್ತದೆ. ನಮ್ಮದು ಮುಗಿಯಲಿಲ್ಲ ಎಂದುಕೊಳ್ಳಿ. ಒಂದೆರಡು ದಿನದಲ್ಲಿ ತೊಡೆಸಂದಿಯಲ್ಲಿ ಮುಟ್ಟಿದರೆ ನೋಯುವ ಗಡ್ಡೆ ಎದ್ದಿದೆ. ಮುಳ್ಳು ಚುಚ್ಚಿದ್ದು ಅಂಗಾಲಿಗೆ, ಗಡ್ಡೆ ಎದ್ದದ್ದು ತೊಡೆಸಂದಿಯಲ್ಲಿ!

ಗಾಯದ ಜಾಗದಲ್ಲಿ ಇನ್ನೊಂದು ಜಾತಿಯ ಕಣವಿತ್ತು, ಮೈತುಂಬ ಕವಲುಗಳಿರುವ ಡೆಂಡ್ರೈಟಿಕ್ ಕಣ. ಚರ್ಮದಲ್ಲಿರುವ ಈ ಬಗೆಯನ್ನು 1868ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪೌಲ್ ಲ್ಯಾಂಗರ್‌ಹಾನ್ಸ್ ನೋಡಿ ನರಕೋಶ ಎಂದುಕೊಂಡಿದ್ದರು. ಒಂದು ಶತಮಾನದ ಮೇಲೆ, 1973ರಲ್ಲಿ, ನ್ಯೂಯಾರ್ಕಿನ ರಾಲ್ಫ್ ಸ್ಟೈನ್‌ಮನ್ ಇಲಿಯ ಗುಲ್ಮದಲ್ಲಿ ಇಂಥವನ್ನೇ ಗುರುತಿಸಿ ಹೆಸರಿಟ್ಟರು. ಅವರು ತಮ್ಮ ಮೇದೋಜೀರಕದ ಕ್ಯಾನ್ಸರಿಗೂ ಇದೇ ಕಣಗಳಿಂದ ತಯಾರಿಸಿದ ಚಿಕಿತ್ಸೆಯನ್ನು ಪ್ರಯೋಗಿಸಿಕೊಂಡರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಅದು ತಿಳಿಯದ ನೊಬೆಲ್ ಸಮಿತಿ ಅಕ್ಟೋಬರ್ 3ರಂದು ಅವರಿಗೆ ಪ್ರಶಸ್ತಿ ಘೋಷಿಸಿತು. ಸತ್ತವರಿಗೆ ಕೊಡಬಾರದೆಂಬ ನಿಯಮವಿದ್ದರೂ ಪ್ರಶಸ್ತಿಯನ್ನು ಹಿಂತೆಗೆಯಲಿಲ್ಲ.

ಡೆಂಡ್ರೈಟಿಕ್ ಕಣ ಬ್ಯಾಕ್ಟೀರಿಯಾವನ್ನು ನುಂಗುವುದು ಕೊಲ್ಲಲೆಂದೇ ಅಲ್ಲ, ಚೂರುಗಳನ್ನು ಎತ್ತಿಕೊಂಡು ಹೋಗಲು. ಅದು ದುಗ್ಧನಾಳಕ್ಕಿಳಿದು ಕಾಲಿನುದ್ದಕ್ಕೂ ಮೇಲೇರಿ ತೊಡೆಸಂದಿಯ ದುಗ್ಧಗ್ರಂಥಿ ಸೇರುತ್ತದೆ. ದುಗ್ಧರಸವನ್ನು ತಳ್ಳಲು ಹೃದಯದಂಥ ಪಂಪಿಲ್ಲ. ನಾಳಗಳ ಕವಾಟ ಮತ್ತು ನಡೆದಾಡುವ ಕಾಲಿನ ಸ್ನಾಯುಗಳ ಒತ್ತಡದಿಂದ ಅದು ಸಾಗುತ್ತದೆ. ದಾರಿಯಲ್ಲಿ ಕಣ ತಾನು ಹೊತ್ತ ಪ್ರೊಟೀನ್ ಚೂರುಗಳನ್ನು ಮೈಮೇಲೆ ಜೋಡಿಸಿ ಪ್ರದರ್ಶನಕ್ಕಿಟ್ಟುಕೊಳ್ಳುತ್ತದೆ.

ಆ ಚೂರನ್ನು ಗುರುತಿಸಬೇಕಾದದ್ದು ಟಿ ಕಣ ಎಂಬ ಇನ್ನೊಂದು ಬಗೆಯ ಬಿಳಿಕಣ. ಅದನ್ನು ಹುಡುಕುವುದು ಸುಲಭದ ಮಾತಲ್ಲ. ಪ್ರತಿ ಟಿ ಕಣವೂ ಒಂದೇ ಬಗೆಯ ಗ್ರಾಹಕ ಹೊತ್ತಿರುತ್ತದೆ. ನಮ್ಮ ಚೂರಿಗೆ ಹೊಂದುವಂಥದ್ದು ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ. ಮಾರುವವರೂ ಕೊಳ್ಳುವವರೂ ಮನೆಮನೆ ಅಲೆಯುವ ಬದಲು ವಾರಕ್ಕೊಮ್ಮೆ ಒಂದು ಬಯಲಿನಲ್ಲಿ ಸಂತೆ ನೆರೆಯುವಂತೆ, ದೇಹವೂ ಸುಮಾರು ಆರುನೂರು ದುಗ್ಧಗ್ರಂಥಿಗಳಲ್ಲಿ ಈ ಭೇಟಿಯನ್ನು ಏರ್ಪಡಿಸಿದೆ. ಟಿ ಕಣಗಳು ಒಂದು ಗ್ರಂಥಿಯಲ್ಲಿ ಅರ್ಧ ದಿನವೋ ಒಂದು ದಿನವೋ ಸುತ್ತಾಡಿ, ಏನೂ ಗಿಟ್ಟದಿದ್ದರೆ ರಕ್ತಕ್ಕೆ ಮರಳಿ ಮುಂದಿನ ಗ್ರಂಥಿಗೆ ಹೊರಡುತ್ತವೆ. ಸೋಂಕಿನ ಸುಳಿವು ಸಿಕ್ಕ ಗ್ರಂಥಿ ಒಳಬರುವ ಬಾಗಿಲನ್ನು ಹಿಗ್ಗಿಸಿ, ಹೊರಹೋಗುವುದನ್ನು ಕೆಲಕಾಲ ತಡೆಯುತ್ತದೆ. ಜನ ಸೇರಿದಂತೆ ಗ್ರಂಥಿ ಊದುತ್ತದೆ.

ಎಂದೂ ಕಾಣದ ಸೂಕ್ಷ್ಮಜೀವಿಗೂ ಹೊಂದುವ ಗ್ರಾಹಕ ಮೊದಲೇ ಇರುವುದು ಹೇಗೆ? ಸೂಕ್ಷ್ಮಜೀವಿಯನ್ನು ನೋಡಿಕೊಂಡು ದೇಹ ಅದಕ್ಕೆ ತಕ್ಕ ಪ್ರತಿಕಾಯವನ್ನು, ಎಂದರೆ ಅದರ ಮೈಗೆ ಅಂಟುವ ಪ್ರೊಟೀನನ್ನು, ರೂಪಿಸುತ್ತದೆ ಎಂದು 1940ರಲ್ಲಿ ಲೈನಸ್ ಪೌಲಿಂಗ್‌ರಂಥ ಮೇಧಾವಿಯೇ ವಾದಿಸಿದ್ದರು. ವಾದ ಸೊಗಸಾಗಿತ್ತು, ಸುಳ್ಳಾಯಿತು. 1957ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ ಅದನ್ನು ತಲೆಕೆಳಗು ಮಾಡಿದರು: ಲೆಕ್ಕವಿಲ್ಲದಷ್ಟು ಬಗೆಯ ಗ್ರಾಹಕಗಳು ಕುರುಡಾಗಿ ಮೊದಲೇ ತಯಾರಾಗಿರುತ್ತವೆ, ಸೂಕ್ಷ್ಮಜೀವಿ ಬಂದು ತನಗೆ ಹೊಂದುವ ಕಣವನ್ನು ಆರಿಸುತ್ತದೆ, ಆ ಕಣವೇ ಮರಿಹಾಕಿ ಹೆಚ್ಚುತ್ತದೆ. ಮನುಷ್ಯನಿಗಿರುವುದು ಸುಮಾರು ಇಪ್ಪತ್ತು ಸಾವಿರ ಜೀನ್, ಅಷ್ಟರಲ್ಲಿ ಕೋಟಿಗಟ್ಟಲೆ ಬಗೆ ಹೇಗೆ ಎಂಬ ಕಗ್ಗಂಟನ್ನು 1976ರಲ್ಲಿ ಸುಸುಮು ಟೊನೆಗಾವಾ ಬಿಡಿಸಿದರು. ಪ್ರತಿಕಾಯ ತಯಾರಿಸುವ ಕಣ ಬೆಳೆಯುವಾಗ ಅದರ ಜೀನಿನ ತುಂಡುಗಳು ಕತ್ತರಿಸಿಕೊಂಡು, ಬೇರೆಬೇರೆ ಜೋಡಣೆಯಲ್ಲಿ ಅಂಟಿಕೊಳ್ಳುತ್ತವೆ. ಟಿ ಕಣದ ಗ್ರಾಹಕಗಳೂ ಹೀಗೆಯೇ ತಯಾರಾಗುತ್ತವೆ.

ಕುರುಡು ತಯಾರಿಯ ಬೆಲೆಯೂ ದೊಡ್ಡದು. ಅವುಗಳಲ್ಲಿ ಎಷ್ಟೋ ಗ್ರಾಹಕಗಳು ನಮ್ಮದೇ ದೇಹದ ಪ್ರೊಟೀನುಗಳಿಗೆ ಹೊಂದಿಬಿಡುತ್ತವೆ. ಅಂಥವನ್ನು ಸೋಸಿ ತೆಗೆಯುವ ಜಾಲರಿಯ ಕೆಲಸವನ್ನು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಮಾಡುತ್ತದೆ. 1961ರಲ್ಲಿ ಜಾಕ್ ಮಿಲ್ಲರ್ ಲಂಡನ್ನಿನಲ್ಲಿ ಹಸುಗೂಸು ಇಲಿಗಳ ಥೈಮಸ್ ತೆಗೆದು ನೋಡುವವರೆಗೆ ಅದನ್ನು ಉಪಯೋಗವಿಲ್ಲದ ಅಂಗವೆಂದೇ ಎಣಿಸಿದ್ದರು. ಅಲ್ಲಿ ಬೆಳೆಯುವ ಟಿ ಕಣಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೊರಬರದೆ ಸಾಯುತ್ತವೆ: ಕೆಲವು ಕೆಲಸಕ್ಕೆ ಬಾರವು, ಕೆಲವು ಅಪಾಯಕಾರಿ. ಆದರೂ ಒಂದಷ್ಟು ತಪ್ಪಿಸಿಕೊಂಡು ಬರುತ್ತವೆ. ಅವುಗಳನ್ನು ಸುಮ್ಮನಿರಿಸಲೆಂದೇ ನಿಯಂತ್ರಕ ಟಿ ಕಣಗಳಿವೆ. ಅವನ್ನು ಗುರುತಿಸಿದ ಜಪಾನಿನ ಶಿಮೋನ್ ಸಾಕಾಗುಚಿ ಮತ್ತು ಅಮೆರಿಕದ ಇಬ್ಬರು ವಿಜ್ಞಾನಿಗಳಿಗೆ 2025ರ ನೊಬೆಲ್ ಬಂತು.

ಇದೆಲ್ಲದರ ಮೇಲೆ ಇನ್ನೊಂದು ಬೀಗವಿದೆ. ಟಿ ಕಣ ತನ್ನ ಚೂರನ್ನು ಗುರುತಿಸಿದರೂ ತಕ್ಷಣ ಕೆರಳುವುದಿಲ್ಲ. ಡೆಂಡ್ರೈಟಿಕ್ ಕಣದ ಮೈಮೇಲೆ ಎರಡನೆಯ ಅಣುವೊಂದು ಕಾಣಬೇಕು. ಸಾಮಾನ್ಯವಾಗಿ ಟೋಲ್‌ನಂಥ ಗ್ರಾಹಕಗಳು ನಿಜವಾದ ಸೂಕ್ಷ್ಮಜೀವಿಯನ್ನು ಮುಟ್ಟಿದಾಗಲೇ ಅದು ಹೊರಬರುತ್ತದೆ. ಎರಡನೆಯದಿಲ್ಲದೆ ಮೊದಲನೆಯದು ಮಾತ್ರ ಸಿಕ್ಕರೆ ಟಿ ಕಣ ನಿಷ್ಕ್ರಿಯವಾಗಿಬಿಡುತ್ತದೆ. ಅಮೆರಿಕದ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಈ ಜೋಡಣೆಯನ್ನು ಊಹಿಸಿದ್ದು ತಮ್ಮ ಕ್ಷೇತ್ರದವರೆಲ್ಲ ಮುಚ್ಚಿಟ್ಟುಕೊಂಡು ಬಂದ ಗುಟ್ಟೊಂದರಿಂದ: ಶುದ್ಧ ಪ್ರೊಟೀನನ್ನು ಚುಚ್ಚಿದರೆ ಪ್ರಾಣಿಯ ದೇಹ ಅದಕ್ಕೆ ಕ್ಯಾರೇ ಅನ್ನುವುದಿಲ್ಲ; ಸತ್ತ ಬ್ಯಾಕ್ಟೀರಿಯಾವನ್ನೋ ಅಲ್ಯುಮಿನಿಯಂ ಲವಣವನ್ನೋ ಬೆರೆಸಲೇಬೇಕು. 1926ರಲ್ಲಿ ಅಲೆಕ್ಸಾಂಡರ್ ಗ್ಲೆನಿ ಡಿಫ್ತೀರಿಯಾ ಲಸಿಕೆಗೆ ಪಟಿಕ ಬೆರೆಸಿದಾಗಿನಿಂದ ಇದು ಗೊತ್ತಿತ್ತು. ಯಾಕೆಂದು ಕೇಳಿದವರು ಕಡಿಮೆ.

ಎರಡೂ ಒಪ್ಪಿಗೆ ಸಿಕ್ಕ ಟಿ ಕಣ ಕೆಲವೇ ದಿನಗಳಲ್ಲಿ ಸಾವಿರಾರು ತದ್ರೂಪಿಗಳಾಗುತ್ತದೆ. ಟಿ ಕಣಗಳಲ್ಲಿ ಒಂದು ಪಂಗಡ ಕೊಲೆಗಾರ ಕಣಗಳದ್ದು. ವೈರಸ್ ಹೊಕ್ಕ ನಮ್ಮ ಕೋಶಗಳನ್ನು ಹುಡುಕಿ ಸಾಯಿಸುವುದು ಅವುಗಳ ಕೆಲಸ. ಮುಳ್ಳಿನ ಗಾಯದಲ್ಲಿ ಅವಕ್ಕೆ ಅಷ್ಟು ಕೆಲಸವಿಲ್ಲ. ಇನ್ನೊಂದು ಪಂಗಡ ಸಿಡಿ4 ಎಂಬ ಸಹಾಯಕ ಕಣಗಳದ್ದು. ಇವು ತಾವಾಗಿ ಕೊಲ್ಲುವುದು ಕಡಿಮೆ, ಬೇರೆಯವಕ್ಕೆ ಅಪ್ಪಣೆ ಕೊಡುತ್ತವೆ. ಎಚ್‌ಐವಿ ವೈರಸ್ ಕೈಯಿಡುವುದು ಇವುಗಳ ಮೇಲೆ. ಅವುಗಳ ಸಂಖ್ಯೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ 200ಕ್ಕಿಂತ ಕೆಳಗಿಳಿದರೆ ಕ್ಷಯ, ಬೂಷ್ಟಿನ ಸೋಂಕುಗಳು ಒಂದರ ಮೇಲೊಂದು ಎರಗುತ್ತವೆ. ನುಂಗುವ ಕಣಗಳಿವೆ, ಪ್ರತಿಕಾಯ ತಯಾರಿಸುವ ಕಣಗಳೂ ಇವೆ, ಅಪ್ಪಣೆ ಕೊಡುವವರಿಲ್ಲ.

ಪ್ರತಿಕಾಯ ತಯಾರಿಸುವುದು ಬಿ ಕಣಗಳು. ಅವು ಬ್ಯಾಕ್ಟೀರಿಯಾದ ಚೂರನ್ನು ತಾವೇ ಹಿಡಿಯಬಲ್ಲವು. ಆದರೂ ಅದನ್ನು ಸಿಡಿ4 ಕಣಕ್ಕೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಸಾಮಾನ್ಯವಾಗಿ ಮುಂದಿನ ಹೆಜ್ಜೆ. ಆಮೇಲೆ ಗ್ರಂಥಿಯೊಳಗೆ ನಡೆಯುವುದು ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಅತ್ಯಂತ ಬೆರಗಿನ ಭಾಗ. ಬಿ ಕಣಗಳು ತಮ್ಮ ಪ್ರತಿಕಾಯದ ಜೀನುಗಳಲ್ಲಿ ಬೇಕೆಂದೇ ತಪ್ಪು ಮಾಡತೊಡಗುತ್ತವೆ, ಮಾಮೂಲಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ವೇಗದಲ್ಲಿ. ಹೆಚ್ಚಿನ ತಪ್ಪುಗಳಿಂದ ಹಿಡಿತ ಕೆಡುತ್ತದೆ. ಅಂಥ ಕಣಗಳು ಸಾಯುತ್ತವೆ. ಅಪರೂಪಕ್ಕೆ ಒಂದರ ಹಿಡಿತ ಬಿಗಿಯಾಗುತ್ತದೆ. ಅದಕ್ಕೆ ಹೆಚ್ಚು ಚೂರು ಸಿಗುತ್ತದೆ, ಹೆಚ್ಚು ಸಹಾಯ ಸಿಗುತ್ತದೆ, ಅದು ಹೆಚ್ಚು ಮರಿಹಾಕುತ್ತದೆ. ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ ಲಕ್ಷಾಂತರ ವರ್ಷಗಳ ಬದಲು ಎರಡು ಮೂರು ವಾರಗಳಲ್ಲಿ, ತೊಡೆಸಂದಿಯ ಗಡ್ಡೆಯೊಳಗೆ ನಡೆದುಹೋಗುತ್ತದೆ. ಗೆದ್ದ ಕಣಗಳು ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತವೆ.

ಪ್ರತಿಕಾಯ ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ವಿರಳ. ಮೈಗೆ ಅಂಟಿಕೊಂಡು, ಇದನ್ನು ನುಂಗಬಹುದು ಎಂದು ನ್ಯೂಟ್ರೋಫಿಲ್‌ಗೆ ಗುರುತು ತೋರಿಸುತ್ತದೆ. ದೇಹವನ್ನು ಕಾಯುವುದು ಯಾವುದು ಎಂಬ ಪ್ರಶ್ನೆಗೆ ಮೆಚ್ನಿಕೋಫ್ ಕಣಗಳೇ ಎಲ್ಲ ಎಂದರು, ಜರ್ಮನಿಯ ಪೌಲ್ ಎರ್ಲಿಕ್ ರಕ್ತದ್ರವದಲ್ಲಿರುವ ವಸ್ತುಗಳೇ ಎಲ್ಲ ಎಂದರು. ಎರಡು ಬಣಗಳೂ ವರ್ಷಗಟ್ಟಲೆ ಜಗಳವಾಡಿದವು. 1908ರಲ್ಲಿ ನೊಬೆಲ್ ಸಮಿತಿ ಇಬ್ಬರಿಗೂ ಒಟ್ಟಿಗೆ ಪ್ರಶಸ್ತಿ ಹಂಚಿತು.

ಇಮ್ಯೂನಿಟಿ ಹೆಚ್ಚಿಸುವ ಕಷಾಯ, ಪುಡಿ, ಮಾತ್ರೆಗಳ ಜಾಹೀರಾತು ಕಂಡಾಗ ಈ ಒಪ್ಪಿಗೆಗಳ ಸರಪಳಿಯಲ್ಲಿ ಯಾವ ಕೊಂಡಿಯನ್ನು ಹೆಚ್ಚಿಸುತ್ತೀರಿ ಎಂದು ಕೇಳಬೇಕೆನಿಸುತ್ತದೆ. ಅಲರ್ಜಿ, ಸಂಧಿವಾತದ ಕೆಲವು ಬಗೆಗಳು, ಮಕ್ಕಳಿಗೆ ಬರುವ ಒಂದನೇ ಬಗೆಯ ಮಧುಮೇಹ, ಇವೆಲ್ಲ ರೋಗನಿರೋಧಕ ವ್ಯವಸ್ಥೆ ಎಲ್ಲೋ ಅತಿಯಾದದ್ದರ ಫಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಡೆಕ್ಸಮೆಥಸೋನ್ ಮೂರನೇ ಒಂದರಷ್ಟು ತಗ್ಗಿಸಿತೆಂದು ತೋರಿಸಿತು. ಆ ಅಗ್ಗದ ಹಳೆಯ ಔಷಧಿ ಮಾಡುವುದು ನಿರೋಧಕ ವ್ಯವಸ್ಥೆಯನ್ನು ಅದುಮುವ ಕೆಲಸ.

ಸೋಂಕು ಅಡಗಿದ ಮೇಲೆ ಹೆಚ್ಚಿದ ಟಿ ಕಣಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಸಾಯುತ್ತವೆ. ಉಳಿದ ಕೆಲವು ನೆನಪಿನ ಕಣಗಳಾಗುತ್ತವೆ; ಪ್ರತಿಕಾಯ ತಯಾರಿಸುವ ಕೆಲವು ಕಣಗಳು ಅಸ್ಥಿಮಜ್ಜೆಯಲ್ಲಿ ನೆಲೆಸುತ್ತವೆ. ಇವು ಎಷ್ಟು ದಿನ ಬಾಳಿಯಾವು? ಅಟ್ಲಾಂಟಿಕ್ಕಿನ ಫೆರೋ ದ್ವೀಪಗಳಿಗೆ 1781ರಲ್ಲಿ ದಡಾರ ಬಂದು ಹೋಗಿತ್ತು. ಆಮೇಲೆ 65 ವರ್ಷ ಸುಳಿವಿಲ್ಲ. 1846ರಲ್ಲಿ ಮತ್ತೆ ಬಂದಾಗ 7,782 ಜನರಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಮಲಗಿದರು. ಡೆನ್ಮಾರ್ಕಿನಿಂದ ಹೋದ ಯುವ ವೈದ್ಯ ಪೀಟರ್ ಪಾನುಮ್ ಮನೆಮನೆ ವಿಚಾರಿಸಿದರು. 1781ರಲ್ಲಿ ದಡಾರ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಮರಳಿ ಬಂದಿರಲಿಲ್ಲ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು 1918ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ ಮಕ್ಕಳಾಗಿದ್ದ 32 ಜನರ ರಕ್ತ ತೆಗೆದು ನೋಡಿದರು. ತೊಂಬತ್ತು ವರ್ಷಗಳ ಹಿಂದಿನ ಆ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳು ಎಲ್ಲರಲ್ಲೂ ಇದ್ದವು.

ಎಲ್ಲ ಸೋಂಕುಗಳೂ ಇಷ್ಟು ಗಟ್ಟಿ ನೆನಪು ಬಿಡುವುದಿಲ್ಲ. ಸ್ಟ್ಯಾಫಿಲೊಕಾಕಸ್ ಪ್ರತಿಕಾಯಗಳನ್ನು ಹಿಂದುಮುಂದಾಗಿ ಹಿಡಿದು ಕೆಲಸಕ್ಕೆ ಬಾರದಂತೆ ಮಾಡುವ ಪ್ರೊಟೀನ್ ಇಟ್ಟುಕೊಂಡಿದೆ. ಕುರು ಒಮ್ಮೆ ಎದ್ದವರಿಗೆ ಮತ್ತೆ ಮತ್ತೆ ಏಳುವುದುಂಟು, ಅದಕ್ಕೆ ಲಸಿಕೆಯೂ ಇನ್ನೂ ಬಂದಿಲ್ಲ. ಧನುರ್ವಾಯುವಿನದು ಇನ್ನೂ ವಿಚಿತ್ರ. ಮಣ್ಣಿನಿಂದ ಗಾಯಕ್ಕಿಳಿಯುವ ಆ ಬ್ಯಾಕ್ಟೀರಿಯಾ ಹೆಚ್ಚು ಕೀವೆಬ್ಬಿಸದೆ, ಒಂದು ವಿಷವನ್ನು ಮಾತ್ರ ಬಿಡುತ್ತದೆ. ಮನುಷ್ಯನನ್ನು ಕೊಲ್ಲಲು ಸಾಕಾಗುವ ಆ ವಿಷದ ಪ್ರಮಾಣ ಬಿ ಕಣಗಳನ್ನು ಎಬ್ಬಿಸಲು ಸಾಲದಷ್ಟು ಅಲ್ಪ. ಆದ್ದರಿಂದ ಧನುರ್ವಾಯು ಬಂದು ಬದುಕುಳಿದವರಿಗೂ ವೈದ್ಯರು ಲಸಿಕೆ ಕೊಡುತ್ತಾರೆ. ಅದರಲ್ಲಿರುವುದು ಅದೇ ವಿಷ, ಫಾರ್ಮಾಲ್ಡಿಹೈಡ್‌ನಿಂದ ಹಲ್ಲು ಕಿತ್ತದ್ದು. ಬಿ ಕಣಗಳಿಗೆ ಕಾಣುವಷ್ಟು ಪ್ರಮಾಣದಲ್ಲಿ, ಎರಡನೆಯ ಒಪ್ಪಿಗೆಗಾಗಿ ಅಲ್ಯುಮಿನಿಯಂ ಲವಣ ಬೆರೆಸಿ.